ಎರಡು ರೂಪಾಯಿ ಪಟ್ಟಿ

ಹೋದ ದೀಪಾವಳಿಗೆ ನನ್ನ ತಂಗಿಯ ಮಗಳು ಅಮೆರಿಕದಿಂದ ಫೋನು ಮಾಡಿದ್ದಳು. ಅಲ್ಲಿ ಓದಲಿಕ್ಕೆ ಹೋಗಿದ್ದಾಳೆ. ಅವಳ ಕಾಲೇಜಿನಲ್ಲಿ ಹುಡುಗಿಯರದೇ ಒಂದು ಸಂಘವಂತೆ, 'ಸೊರಾರಿಟಿ' ಅನ್ನುತ್ತಾರಂತೆ. ಸೇರಬೇಕಾದರೆ ಹಿರಿಯ ಹುಡುಗಿಯರು ಒಪ್ಪಬೇಕು, ಸೇರಿದ ಮೇಲೆ ಸಾಯುವತನಕ ಅಕ್ಕ-ತಂಗಿಯರು. "ದೊಡ್ಡವ್ವ, ನಿಮ್ಮ ಕಾಲಕ್ಕ ಬೀದರದಾಗ ಇಂಥಾದ್ದು ಏನರ ಇತ್ತೇನು?" ಅಂತ ಕೇಳಿದಳು. "ನಮಗೆಲ್ಲಿಂದ ಬರಬೇಕವ್ವಾ ಅವೆಲ್ಲ" ಅಂದುಬಿಟ್ಟೆ.

ಫೋನು ಇಟ್ಟ ಮೇಲೆ ಮನಸ್ಸು ತಡೆಯಲಿಲ್ಲ. ಅಟ್ಟದ ಮೇಲಿನ ಟ್ರಂಕು ಇಳಿಸಿ ತಳದಲ್ಲಿದ್ದ ನೂರು ಪುಟದ ನೋಟುಬುಕ್ಕು ತೆಗೆದೆ. ಮೊದಲ ಪುಟದಲ್ಲಿ 'ಪಟ್ಟಿಯ ಲೆಕ್ಕ, 1983' ಎಂದಿದೆ.

ಆ ವರ್ಷ ನಾನು ಬಿ.ಎ. ಮೊದಲ ವರ್ಷಕ್ಕೆ ಬೀದರಿನ ಹೆಣ್ಣುಮಕ್ಕಳ ಹಾಸ್ಟೆಲ್ ಸೇರಿದ್ದೆ. ಒಟ್ಟು ಹದಿನಾಲ್ಕು ಹುಡುಗಿಯರು. ಭಾಲ್ಕಿಯವರು ರೈಲಿನಲ್ಲಿ ಬರುತ್ತಿದ್ದರು, ಔರಾದದವರಿಗೆ ರೈಲಿಲ್ಲ, ಬಸ್ಸು. ಈ ರೈಲಿನವರು, ಬಸ್ಸಿನವರು ಅನ್ನುವ ಭೇದ ಮೊದಮೊದಲು ಎಷ್ಟಿತ್ತೆಂದರೆ ಊಟಕ್ಕೂ ಬೇರೆ ಬೇರೆ ಸಾಲು. ಔರಾದದ ಹುಡುಗಿಯರು ದೀಪ ಆರಿದ ಮೇಲೆ ತಮ್ಮೊಳಗೇ ಮರಾಠಿ ಮಾತಾಡಿಕೊಂಡು ನಕ್ಕರೆ, ನಮ್ಮನ್ನೇ ಆಡಿಕೊಳ್ಳುತ್ತಿದ್ದಾರೆಂದು ನಮಗೆ ಸಿಟ್ಟು.

ಕಾಲೇಜಿಗೆ ಹೋಗುವ ದಾರಿಯಲ್ಲಿ ಮಹಮೂದ್ ಗವಾನನ ಮದರಸಾ. 1472ರಲ್ಲಿ ಕಟ್ಟಿದ್ದು, ಮೂರು ಅಂತಸ್ತು. ಕಲಿಸುವವರಿಗೂ ಕಲಿಯುವವರಿಗೂ ಅಲ್ಲೇ ಕೋಣೆಗಳು. ಔರಂಗಜೇಬನ ಕಾಲದಲ್ಲಿ ಒಳಗಿದ್ದ ಮದ್ದು ಸಿಡಿದು ಕಟ್ಟಡದ ಒಂದು ಭಾಗ ಹಾರಿಹೋಯಿತು. ನಮ್ಮ ಊರಿಗೆ ಹಾಸ್ಟೆಲ್ ಅನ್ನುವುದು ಐದುನೂರು ವರ್ಷದ ಹಳೆಯ ಸಂಗತಿ. ಅದರೊಳಗೆ ಹೆಣ್ಣುಮಕ್ಕಳು ಬರುವುದಕ್ಕೆ ಮಾತ್ರ ಇಷ್ಟು ಕಾಲ ಹಿಡಿಯಿತು.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ನಿಜಾಮರ ಆಳಿಕೆಯಲ್ಲಿ ಶಾಲೆಯೆಂದರೆ ಉರ್ದು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ನಮ್ಮ ಕಡೆ ಅಕ್ಷರ ಬಾರದ ಮುದುಕಿಯರೂ ಹೇಳುತ್ತಿದ್ದರು. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆಯಾದಾಗ ನನ್ನವ್ವ ಹತ್ತು ವರ್ಷದ ಹುಡುಗಿ. ಶಾಲೆಯ ಮೆಟ್ಟಿಲು ಕಂಡವಳಲ್ಲ. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಆಮೇಲೆ ಕಾಲೇಜುಗಳು ಬಂದವು. 1980ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯ ಆಗುವತನಕ ನಮ್ಮ ಪದವಿಗಳೆಲ್ಲ ಧಾರವಾಡದ್ದೇ. 1991ರ ಜನಗಣತಿಯಲ್ಲೂ ನಮ್ಮ ಜಿಲ್ಲೆಯ ಹೆಂಗಸರಲ್ಲಿ ಓದುಬರಹ ಬಲ್ಲವರು ನೂರಕ್ಕೆ ಸುಮಾರು 30. ಅಂದಮೇಲೆ ಆ ಹದಿನಾಲ್ಕು ಹುಡುಗಿಯರು ಯಾವ ಮನೆಗಳಿಂದ, ಎಷ್ಟು ಅತ್ತು ಕರೆದು ಬಂದಿದ್ದರೆಂಬುದನ್ನು ನೀವೇ ಊಹಿಸಿ.

ಪಟ್ಟಿ ಶುರುವಾದದ್ದು ಔರಾದದ ಒಬ್ಬಳ ಪರೀಕ್ಷೆ ಫೀಸಿನಿಂದ. ತೊಗರಿ ಕೈಕೊಟ್ಟು ಅವಳಪ್ಪನ ಮನಿಯಾರ್ಡರ್ ಬಂದಿರಲಿಲ್ಲ, ಮರುದಿನವೇ ಕಡೆಯ ದಿನ. ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಭಾಲ್ಕಿಯವಳೊಬ್ಬಳು ಎದ್ದು, "ತಲಿಗೆ ಎರಡು ರೂಪಾಯಿ ತೆಗೀರಿ" ಅಂದಳು. ಸಾಲದೆ ಬಂದದ್ದನ್ನು ಅಡಿಗೆಯ ಕಾಕು ಸೆರಗಿನ ಗಂಟು ಬಿಚ್ಚಿ ಕೊಟ್ಟಳು. ಅಂದಿನಿಂದ ತಿಂಗಳಿಗೆ ಎರಡು ರೂಪಾಯಿ. ಬೀದರಿನ ಹಳೆ ಊರಿನಿಂದ ಬರುತ್ತಿದ್ದ ಮುಸಲ್ಮಾನರ ಹುಡುಗಿಯೊಬ್ಬಳು ಹಾಸ್ಟೆಲಿನವಳಲ್ಲದಿದ್ದರೂ "ನನ್ನ ಹೆಸರೂ ಬರಿ" ಎಂದು ಹಟ ಹಿಡಿದು ಬರೆಸಿದಳು. ಹಬ್ಬಕ್ಕೆ ಅವಳಮ್ಮ ಶೀರ್ ಖುರ್ಮಾ ಕಳಿಸುತ್ತಿದ್ದರು. ಎಳ್ಳಮಾಸಿಗೆ ಭಾಲ್ಕಿಯಿಂದ ರೈಲಿನಲ್ಲಿ ಭಜ್ಜಿ, ಸಜ್ಜೆ ರೊಟ್ಟಿ ಬರುತ್ತಿದ್ದವು. ಸಾಲುಗಳು ಯಾವಾಗ ಒಂದಾದವೋ ನೆನಪಿಲ್ಲ.

ನೋಟುಬುಕ್ಕಿನ ಲೆಕ್ಕ ಈಗ ಓದಿದರೆ ನಗು ಬರುತ್ತದೆ: ದವಾಖಾನೆಗೆ ರಿಕ್ಷಾ, ಮೂರು ರೂಪಾಯಿ. ಹಳೇ ಪುಸ್ತಕ, ಹನ್ನೊಂದು. 'ಸಾಮಾನು' ಅಂತ ಒಂದು ಬಾಬತ್ತು ತಿಂಗಳು ತಿಂಗಳು ಬರುತ್ತದೆ. ಹತ್ತಿ ಎಂದು ಬರೆಯಲಿಕ್ಕೂ ನಾಚಿಕೆ.

ಪುಸ್ತಕ ಹಿಡಿದವಳು ಅಕ್ಕ, ವಯಸ್ಸು ಎಷ್ಟೇ ಇರಲಿ. ನಮ್ಮ ಜಿಲ್ಲೆಗೆ ಇದು ಹೊಸದೇನಲ್ಲ. ಕಲ್ಯಾಣಕ್ಕೆ ಬಂದ ಮಹಾದೇವಿಯನ್ನು ತನಗಿಂತ ಹಿರಿಯ ಶರಣರೇ ಅಕ್ಕ ಎಂದು ಕರೆದರು. ಶಾಲೆಯ ಬಾಯಿಯವರನ್ನೂ ನಾವು ಅಕ್ಕೋರೇ ಅನ್ನುತ್ತೇವೆ. 1985ರಲ್ಲಿ ಪುಸ್ತಕ ನನ್ನ ಕೈಗೆ ಬಂತು, ಇಪ್ಪತ್ತು ವರ್ಷಕ್ಕೆ ನಾನು ಅಕ್ಕನಾದೆ.

ಆ ವರ್ಷವೇ ಭಾಲ್ಕಿಯ ಆ ಹುಡುಗಿ, ಎರಡು ರೂಪಾಯಿ ತೆಗೀರಿ ಅಂದವಳು, ಊರಿಗೆ ಹೋಗಬೇಕಾಗಿ ಬಂತು. ಅಜ್ಜಿಗೆ ಆರಾಮಿಲ್ಲ ಎಂದು ಕಾಕಾ ಕರೆಯಲು ಬಂದಿದ್ದರು. ಲಗ್ನ ಗೊತ್ತಾಗಿದೆ ಎಂಬುದು ಅವಳಿಗೆ ತಿಳಿದಿತ್ತು. ಹಿಂದಿನ ರಾತ್ರಿ ನನ್ನ ಹಾಸಿಗೆಯ ಹತ್ತಿರ ಬಂದು ಕುಳಿತಳು. "ಅಕ್ಕಾ, ನೀವು ನಾಕು ಮಂದಿ ಬಂದು ಅಪ್ಪಗ ಒಂದು ಮಾತು ಹೇಳ್ರಿ. ಲಗ್ನ ಬ್ಯಾಡ ಅನ್ನಲ್ಲ ನಾ. ಪರೀಕ್ಷಾ ಆದಮ್ಯಾಲ ಮಾಡಂತ ಹೇಳ್ರಿ."

ಪಟ್ಟಿಯಲ್ಲಿ ಮೂವತ್ತೊಂದು ರೂಪಾಯಿ ಇತ್ತು. ನಾಲ್ವರು ಹೋಗಿ ಬರುವ ರೈಲಿನ ಖರ್ಚಿಗೆ ಸಾಕಿತ್ತು. ನಾನು ಹೋಗಲಿಲ್ಲ. ಮಂದಿಯ ಮನೆಯ ಲಗ್ನದಲ್ಲಿ ಬಾಯಿ ಹಾಕಿದಳು ಅಂತ ನನ್ನಪ್ಪನ ಕಿವಿಗೆ ಬಿದ್ದರೆ ನನ್ನ ಓದೂ ಅಲ್ಲಿಗೇ ನಿಲ್ಲುತ್ತಿತ್ತು. ಲಗ್ನಕ್ಕೆ ಮಾತ್ರ ಎಲ್ಲರೂ ಹೋದೆವು, ಪಟ್ಟಿಯ ದುಡ್ಡಿನಿಂದಲೇ ಒಂದು ಸ್ಟೀಲಿನ ಕೊಡ ಒಯ್ದೆವು, ಹೋಳಿಗೆ ಉಂಡು ಬಂದೆವು. ಮೂರು ತಿಂಗಳು ದುಡ್ಡು ಕೊಡದವರ ಹೆಸರಿಗೆ ಕಾಟು ಹಾಕುವುದು ನಮ್ಮ ನಿಯಮ. ಮಾರ್ಚಿನಲ್ಲಿ ಕೆಂಪು ಶಾಯಿಯಲ್ಲಿ ಕಾಟು ಹಾಕಿದೆ. ಸ್ಕೇಲು ಇಟ್ಟು ಎಳೆದಿದ್ದೇನೆ.

ಅಮೆರಿಕದ ಸಂಘಗಳ ಚರಿತ್ರೆಯನ್ನೂ ಈಚೆಗೆ ಓದಿದೆ. 1851ರಲ್ಲಿ ಜಾರ್ಜಿಯಾದ ಮೇಕನ್ ಊರಿನ ವೆಸ್ಲಿಯನ್ ಹೆಣ್ಣುಮಕ್ಕಳ ಕಾಲೇಜಿನಲ್ಲಿ 'ಅಡೆಲ್ಫಿಯನ್' ಎಂಬ ಸಂಘ ಹುಟ್ಟಿತು. ಗ್ರೀಕಿನಲ್ಲಿ ಸಹೋದರಿ ಎನ್ನುವ ಮಾತಿನಿಂದ ಬಂದ ಹೆಸರು. ಅಲ್ಲಿಯ ಬಿಳಿಯರ ಸಂಘಗಳು ಕಪ್ಪು ಹುಡುಗಿಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. 1908ರಲ್ಲಿ ವಾಷಿಂಗ್ಟನ್ನಿನ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಅವರು ತಮ್ಮದೇ ಸಂಘ ಕಟ್ಟಿಕೊಂಡರು. ಯಾರು ಸೇರಿದರೆಂಬ ಲೆಕ್ಕ ಎಲ್ಲರೂ ಇಡುತ್ತಾರೆ, ಯಾರು ಹೊರಗುಳಿದರೆಂಬುದಕ್ಕೆ ಪುಟ ಇರುವುದಿಲ್ಲ. ನನ್ನ ಬಳಿ ಇದೆ.

ಹಲವು ವರ್ಷಗಳ ಹಿಂದೆ ಒಂದು ಮದುವೆಯಲ್ಲಿ ಅವಳು ಸಿಕ್ಕಿದ್ದಳು. ತಲೆ ನರೆತಿತ್ತು, ಮಗಳನ್ನು ಇಂಜಿನಿಯರಿಂಗ್ ಓದಿಸಿದ್ದಳು. "ಪಟ್ಟಿದು ನಂದು ಎಷ್ಟು ಬಾಕಿ ಉಳದದ ಅಕ್ಕಾ?" ಅಂತ ನಕ್ಕಳು. "ಏನೂ ಇಲ್ಲ" ಅಂದೆ.

ಮೊನ್ನೆ ಭಾಲ್ಕಿಗೆ ಹೋಗುವಾಗ ನೋಟುಬುಕ್ಕನ್ನು ಚೀಲದಲ್ಲಿಟ್ಟುಕೊಂಡೆ. ಚಹಾ ಕುಡಿದ ಮೇಲೆ ಅವಳ ಮುಂದೆ ಇಟ್ಟೆ. ಕನ್ನಡಕ ಹಾಕಿಕೊಂಡು ಒಂದೊಂದೇ ಹಾಳೆ ತಿರುವಿದಳು. ಆ ಪುಟ ಬಂದಾಗ ತಡೆದಳು, ಗೆರೆಯ ಮೇಲೆ ಬೆರಳಾಡಿಸಿದಳು. ನನ್ನ ಅಕ್ಷರ ಅವಳಿಗೆ ಗೊತ್ತು. ಏನೂ ಕೇಳಲಿಲ್ಲ.

"ಆ ಔರಾದದಾಕಿ ಫೀಸಿಂದು ಎಲ್ಲಿ ಬರದದ ತೋರ್ಸು" ಅಂದಳು.