ಬಂದೂಕಿನ ಸ್ಕ್ರೂ ಮತ್ತು "ಕೈಗೇ ಗೊತ್ತಾಗತ್ತೆ ಸಾರ್"

ಸ್ಕ್ರೂ ಎಷ್ಟು ಬಿಗಿ ಮಾಡಬೇಕು ಅಂತ ಯಾವ ಗ್ಯಾರೇಜಿನಲ್ಲಾದರೂ ಕೇಳಿ ನೋಡಿ, "ಕೈಗೇ ಗೊತ್ತಾಗತ್ತೆ ಸಾರ್" ಅನ್ನೋ ಉತ್ತರ ಬರುತ್ತೆ. ಇಂಜಿನಿಯರಿಂಗ್ ಓದಿದ ನಮ್ಮಂಥವರಿಗೆ ಒಳಗೊಳಗೇ ನಗು. ಆದರೆ ಕೈಗೆ ಗೊತ್ತಾಗೋ ಆ ಬಿಗಿಯನ್ನ ಅಂಕಿಯಲ್ಲಿ ಬರೆದಿಡೋಕೆ ಜನ ಎಷ್ಟು ಒದ್ದಾಡಿದ್ದಾರೆ ಅಂತ ತಿಳಿಯಬೇಕಾದರೆ .22 ರೈಫಲ್ಲಿನಷ್ಟು ಒಳ್ಳೆ ಉದಾಹರಣೆ ನನಗಂತೂ ಸಿಕ್ಕಿಲ್ಲ.

ಎನ್‌ಸಿಸಿಯಲ್ಲಿ ಇದ್ದವರಿಗೆ 'ಪಾಯಿಂಟ್ ಟೂ ಟೂ' ಪರಿಚಯ ಇರುತ್ತೆ. ಅದರ ತೋಟಾ ರಿಮ್‌ಫೈರ್ ಜಾತಿಯದು. ಅಂದರೆ ಕಿಡಿ ಹೊತ್ತಿಸೋ ಮದ್ದು ತೋಟಾದ ಹಿಂಬದಿಯ ಅಂಚಿನ ಮಡಿಕೆಯೊಳಗೇ ಕೂತಿರುತ್ತೆ, ಪೆಟ್ಟು ಬೀಳೋದೂ ಆ ಅಂಚಿಗೇ. 1845ರಲ್ಲಿ ಪ್ಯಾರಿಸ್ಸಿನ ಫ್ಲೋಬೆರ್ ಮನೆಯೊಳಗೆ ಗುರಿ ಹೊಡೆದು ಆಡೋಕೆ ಇಂಥದ್ದನ್ನ ಮಾಡಿದ. 1857ರಲ್ಲಿ ಅಮೆರಿಕದ ಸ್ಮಿತ್ ಅಂಡ್ ವೆಸ್ಸನ್ ಅದನ್ನ ರಿವಾಲ್ವರಿಗೆ ತಂದಿತು. ಇವತ್ತು ಎಲ್ಲೆಡೆ ಬಳಸೋ .22 ಲಾಂಗ್ ರೈಫಲ್ ತೋಟಾ ಬಂದದ್ದು 1887ರಲ್ಲಿ.

ರೈಫಲ್ ಅಂದರೆ ಸರಳವಾಗಿ ಎರಡು ಭಾಗ. ನಳಿಗೆ ಮತ್ತು ಅದರ ಹಿಂದಿನ ಯಂತ್ರ ಕಬ್ಬಿಣದ್ದು, ಕೈಯಲ್ಲಿ ಹಿಡಿಯೋ ಸ್ಟಾಕು ಮರದ್ದು. ಎಷ್ಟೋ ರೈಫಲ್ಲುಗಳಲ್ಲಿ ಇವೆರಡನ್ನೂ ಸೇರಿಸೋದು ಬರೀ ಎರಡು ಸ್ಕ್ರೂ! ಗುಂಡು ಹಾರುವಾಗ ನಳಿಗೆ ತಂತಿ ಮೀಟಿದ ಹಾಗೆ ಅದುರುತ್ತೆ. .22 ಗುಂಡು ನಿಧಾನದ್ದು, ಸೆಕೆಂಡಿಗೆ ಸುಮಾರು 330 ಮೀಟರ್, ಹಾಗಾಗಿ ಅದು ಹೊರಬೀಳೋ ಹೊತ್ತಿಗೆ ಅದುರಾಟ ಚೆನ್ನಾಗಿಯೇ ಶುರುವಾಗಿರುತ್ತೆ. ಸ್ಕ್ರೂ ಸಡಿಲವಾದರೆ ಕಬ್ಬಿಣ ಮರದೊಳಗೆ ಜರುಗುತ್ತೆ. ಅತಿ ಬಿಗಿಯಾದರೆ ಸಮ ಇಲ್ಲದ ಮರಕ್ಕೆ ಒತ್ತಿಕೊಂಡು ಕಬ್ಬಿಣವೇ ಕೂದಲೆಳೆಯಷ್ಟು ಬಾಗುತ್ತೆ, ಮರವೂ ಜಜ್ಜಿಹೋಗುತ್ತೆ. 50 ಮೀಟರ್ ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತದ ಅಗಲ 10.4 ಮಿಲಿಮೀಟರ್ ಮಾತ್ರ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ನಮ್ಮ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು ಈ ದೂರದ, ಈ .22 ರೈಫಲ್ಲಿನ ಸ್ಪರ್ಧೆಯಲ್ಲೇ.

ಹಳೇ ಕಾಲದ ಕುಶಲಕರ್ಮಿಗಳು ಏನು ಮಾಡುತ್ತಿದ್ದರು? ಇಂಗ್ಲೆಂಡಿನ ಉತ್ತಮ ದರ್ಜೆಯ ಬಂದೂಕುಗಳ ಚಿತ್ರ ಸಿಕ್ಕರೆ ಸ್ಕ್ರೂಗಳ ತಲೆ ಗಮನಿಸಿ. ತಲೆಯ ಸೀಳುಗಳೆಲ್ಲ ನಳಿಗೆಯ ಉದ್ದಕ್ಕೇ ಸಾಲಾಗಿರುತ್ತವೆ. ನಾನು ಮೊದಲು ಇದು ಬರೀ ಶೋಕಿ ಅಂದುಕೊಂಡಿದ್ದೆ. ಶೋಕಿಯೂ ಹೌದು, ಆದರೆ ಸ್ಕ್ರೂ ಸರಿಯಾಗಿ ಕೂತಾಗ ಸೀಳು ಆ ದಿಕ್ಕಿಗೇ ಬರೋ ಹಾಗೆ ತಲೆಯನ್ನ ಅರೆದು ಹೊಂದಿಸಿರುತ್ತಾರೆ. ಒಂದು ಸ್ಕ್ರೂ ಸಡಿಲವಾದರೂ, ಯಾರಾದರೂ ಜಾಸ್ತಿ ತಿರುಗಿಸಿದರೂ ಕಣ್ಣಿಗೇ ಕಾಣುತ್ತೆ. ಅಂಕಿ ಇಲ್ಲ, ಮೀಟರ್ ಇಲ್ಲ, ಬಿಗಿಯನ್ನ ದಿಕ್ಕಿನಲ್ಲೇ ಬರೆದಿಟ್ಟಿದ್ದಾರೆ ಪುಣ್ಯಾತ್ಮರು :)

ಆದರೆ ಒಂದು ಬಂದೂಕಿನ ಸ್ಕ್ರೂ ಇನ್ನೊಂದಕ್ಕೆ ಆಗುತ್ತಿರಲಿಲ್ಲ. 1841ರಲ್ಲಿ ಜೋಸೆಫ್ ವಿಟ್‌ವರ್ತ್ 55 ಡಿಗ್ರಿ ಕೋನದ ಥ್ರೆಡ್ಡನ್ನ ಎಲ್ಲರೂ ಬಳಸಬೇಕು ಅಂತ ಮುಂದಿಟ್ಟ. (ಇದೇ ಮನುಷ್ಯ ಆಮೇಲೆ ಷಟ್ಕೋನದ ನಳಿಗೆಯ ರೈಫಲ್ಲನ್ನೂ ಮಾಡಿದ.) 1864ರಲ್ಲಿ ಅಮೆರಿಕದ ಸೆಲ್ಲರ್ಸ್ 60 ಡಿಗ್ರಿ ಅಂದ. ಇಬ್ಬರೂ ಸ್ಕ್ರೂವಿನ ಆಕಾರ ಹೇಳಿದರೇ ಹೊರತು, ಎಷ್ಟು ಬಿಗಿ ಅನ್ನೋದು ಹಾಗೇ ಕೈಗೇ ಉಳಿಯಿತು.

ಅಂಕಿ ಹುಟ್ಟಿದ್ದು ಬಂದೂಕಿನ ಅಂಗಡಿಯಲ್ಲಲ್ಲ, ನಲ್ಲಿ ನೀರಿನ ಇಲಾಖೆಯಲ್ಲಿ! ನ್ಯೂಯಾರ್ಕಿನ ನೀರು ಸರಬರಾಜು ಇಲಾಖೆಯ ಕಾನ್ರಾಡ್ ಬಾರ್ 1918ರ ಸುಮಾರಿಗೆ, ಪೈಪಿನ ಜೋಡಣೆಯ ಬೋಲ್ಟುಗಳನ್ನ ಕೆಲಸದವರು ಅತಿಯಾಗಿ ಬಿಗಿಯೋದನ್ನ ತಡೆಯೋಕೆ ಟಾರ್ಕ್ ರೆಂಚ್ ಮಾಡಿದ ಅಂತ ಹೇಳುತ್ತಾರೆ. ಪೇಟೆಂಟುಗಳು ಬಂದದ್ದು 1930ರ ದಶಕದಲ್ಲಿ.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಯಾಕಂದರೆ ಟಾರ್ಕ್ ರೆಂಚ್ ತೋರಿಸೋದು ತಿರುಗಿಸೋಕೆ ಬೇಕಾದ ಬಲವನ್ನ, ಹಿಡಿತವನ್ನಲ್ಲ. ನಾವು ಹಾಕೋ ಶ್ರಮದಲ್ಲಿ ಸುಮಾರು ಅರ್ಧ ಸ್ಕ್ರೂವಿನ ತಲೆಯಡಿಯ ಘರ್ಷಣೆಗೇ ಹೋಗುತ್ತೆ, ಶೇಕಡಾ 40ರಷ್ಟು ಥ್ರೆಡ್ಡಿನ ಘರ್ಷಣೆಗೆ. ನಿಜವಾಗಿ ಬಿಗಿಯೋದಕ್ಕೆ ಉಳಿಯೋದು ಶೇಕಡಾ 10ರ ಆಸುಪಾಸು. ಒಂದು ತೊಟ್ಟು ಎಣ್ಣೆ ಬಿದ್ದರೆ ಲೆಕ್ಕವೆಲ್ಲ ಉಲ್ಟಾ. ಅದರ ಮೇಲೆ ಮರ ಬೇರೆ. ಮಳೆಗಾಲಕ್ಕೆ ಉಬ್ಬುತ್ತೆ, ಬೇಸಿಗೆಗೆ ಕುಗ್ಗುತ್ತೆ. ನಮ್ಮ ದೇಶದಲ್ಲಿ ಬಂಗಾಳದ ಇಷಾಪುರದ ಕಾರ್ಖಾನೆಯಲ್ಲೂ ತಯಾರಾದ ಲೀ-ಎನ್‌ಫೀಲ್ಡ್ ರೈಫಲ್ಲಿನಲ್ಲಿ ಇದಕ್ಕೊಂದು ಉಪಾಯ ಇತ್ತು. ಮುಂದಿನ ಸ್ಕ್ರೂವಿನ ಸುತ್ತ ಮರದೊಳಗೆ ಒಂದು ಸಣ್ಣ ಲೋಹದ ಕೊಳವೆ. ತಿರುಗಿಸುತ್ತ ಹೋದರೆ ಕಬ್ಬಿಣಕ್ಕೆ ಕಬ್ಬಿಣ ತಾಗಿ ನಿಲ್ಲುತ್ತೆ, ಮರ ಜಜ್ಜೋದಿಲ್ಲ. ಮರ ಕುಗ್ಗಿದಾಗ ದುರಸ್ತಿ ಮಾಡುವವರು ಆ ಕೊಳವೆಯನ್ನೇ ಚೂರು ಅರದಿಂದ ಉಜ್ಜಿ ಗಿಡ್ಡ ಮಾಡುತ್ತಿದ್ದರು. ತರಬೇತಿಗೆ ಅಂತ ಇದೇ ರೈಫಲ್ಲನ್ನ .22ಗೆ ಮಾರ್ಪಡಿಸಿದ್ದೂ ಉಂಟು. ಈಗ ಸ್ಪರ್ಧೆಯ ರೈಫಲ್ಲುಗಳಲ್ಲಿ ಅಲ್ಯುಮಿನಿಯಂ ಕಂಬ ಕೂರಿಸಿ, ಕಬ್ಬಿಣದ ಕೆಳಗೆ ಎಪಾಕ್ಸಿ ಎರಕ ಹೊಯ್ಯೋದು ಅದೇ ಉಪಾಯದ ಮೊಮ್ಮಗ.

ಇಷ್ಟಾದರೂ ಗುರಿಕಾರರು ಕಂಪನಿ ಕೊಟ್ಟ ಅಂಕಿಯನ್ನ ಬರೀ ಆರಂಭ ಅಂತಷ್ಟೇ ನೋಡುತ್ತಾರೆ. ಸ್ವಲ್ಪ ಸ್ವಲ್ಪ ಬಿಗಿ ಬದಲಿಸಿ, ಪ್ರತಿ ಸಲ ಐದೋ ಹತ್ತೋ ಗುಂಡು ಹೊಡೆದು, ತೂತುಗಳು ಎಲ್ಲಿ ಒತ್ತೊತ್ತಾಗಿ ಬೀಳುತ್ತವೆ ನೋಡಿ, ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಆಮೇಲೆ ಕೆಲವರು ಸ್ಕ್ರೂವಿನ ತಲೆಯಿಂದ ಪಕ್ಕದ ಲೋಹದವರೆಗೆ ಪೇಂಟಿನಲ್ಲಿ ಒಂದು ಗೆರೆ ಎಳೆದುಬಿಡುತ್ತಾರೆ. ಮುಂದಿನ ಸಲ ರೈಫಲ್ ಪೆಟ್ಟಿಗೆಯಿಂದ ತೆಗೆದಾಗ ಗೆರೆ ತುಂಡಾಗಿದೆಯಾ ಅಂತ ನೋಡಿದರೆ ಸಾಕು.