ರಾಜಾಜ್ಞೆ, ಪಾಠಶುದ್ಧಿ ಮತ್ತು ಪರಮತದ ಗ್ರಂಥ

ಪಶ್ಚಿಮ ಯುರೋಪಿನ ಲ್ಯಾಟಿನ್ ಹಸ್ತಪ್ರತಿಗಳ ಇತಿಹಾಸದಲ್ಲಿ ಕ್ರಿ.ಶ. 789 ಮಹತ್ತ್ವದ ವರ್ಷ. ಆಗ ಫ್ರಾಂಕರ ದೊರೆ ಶಾರ್ಲಮೇನನು ಹೊರಡಿಸಿದ ಆಜ್ಞಾಪತ್ರವು ಮಠಗಳಲ್ಲಿಯೂ ಬಿಷಪ್ಪರ ಪೀಠಗಳಲ್ಲಿಯೂ ಪಾಠಶಾಲೆಗಳಿರಬೇಕೆಂದು ವಿಧಿಸಿತು. ಸುವಾರ್ತೆ, ಕೀರ್ತನೆ, ಪೂಜಾವಿಧಿಗಳ ಪ್ರತಿಗಳನ್ನು ಬಾಲಕರು ಬರೆಯದೆ ಪ್ರೌಢವಯಸ್ಕರೇ ಎಚ್ಚರದಿಂದ ಬರೆಯಬೇಕೆಂದಿತು. ಗ್ರಂಥಪಾಠವು ಅಶುದ್ಧವಾದರೆ ಪ್ರಾರ್ಥನೆಯೂ ಕೆಡುವುದೆಂಬ ಭಯವೇ ಇದಕ್ಕೆ ಕಾರಣ. ಬಹುಜನಾಂಗಗಳ ವಿಶಾಲ ರಾಜ್ಯವನ್ನು ಏಕರೂಪದ ಆರಾಧನಾಕ್ರಮದಿಂದ ಬಂಧಿಸುವ ರಾಜನೀತಿಯೂ ಇದರೊಡನೆ ಬೆರೆತಿತ್ತು.

ಈ ಕಾರ್ಯಕ್ಕೆ ಒದಗಿದುದು ಹೊಸ ಬರವಣಿಗೆ. ಪ್ರಾಂತಪ್ರಾಂತಕ್ಕೆ ಭಿನ್ನವಾಗಿ, ಕೂಡಕ್ಷರಗಳಿಂದ ತೊಡಕಾಗಿದ್ದ ಲಿಪಿಗಳ ಸ್ಥಾನದಲ್ಲಿ ಬಿಡಿಬಿಡಿಯಾದ, ದುಂಡನೆಯ ಸಣ್ಣಕ್ಷರವು ಕೊರ್ಬಿ ಮೊದಲಾದ ಮಠಗಳಲ್ಲಿ ರೂಪುಗೊಂಡು ಹರಡಿತು. 796ರಿಂದ 804ರವರೆಗೆ ತೂರ್ ನಗರದ ಮಠಾಧಿಪತಿಯಾಗಿದ್ದ ಆಲ್ಕ್ವಿನನು ಬೈಬಲಿನ ಪಾಠವನ್ನು ಪರಿಷ್ಕರಿಸಿದನು. ಅವನ ತರುವಾಯ ಅಲ್ಲಿಯ ಲೇಖನಶಾಲೆಯು ಚರ್ಮಪತ್ರದ ಸಮಗ್ರ ಬೈಬಲ್ ಪ್ರತಿಗಳಿಗೆ ಹೆಸರಾಯಿತು.

ಆದರೆ ಶುದ್ಧ ಲ್ಯಾಟಿನ್ ಅರಿಯಲು ಪ್ರಾಚೀನ ಕವಿಗಳ ಅಧ್ಯಯನ ಅನಿವಾರ್ಯವಾಗಿತ್ತು. ಹೀಗಾಗಿ, ಜಗತ್ತು ದೇವಸೃಷ್ಟಿಯಲ್ಲ, ಆತ್ಮವು ದೇಹದೊಡನೆಯೇ ನಾಶವಾಗುವುದು ಎಂದು ವಾದಿಸಿದ ಲುಕ್ರೀಷಿಯಸನ ಕಾವ್ಯವನ್ನೂ ಕ್ರೈಸ್ತ ಲಿಪಿಕಾರರು ಪ್ರತಿಮಾಡಿದರು. ಒಂಬತ್ತನೆಯ ಶತಮಾನದ ಅಂತಹ ಎರಡು ಪ್ರತಿಗಳು ಲೈಡನ್ ವಿಶ್ವವಿದ್ಯಾಲಯದ ಗ್ರಂಥಭಂಡಾರದಲ್ಲಿವೆ. ಆ ಕಾವ್ಯದ ಆಧುನಿಕ ಪರಿಷ್ಕರಣಗಳಿಗೆ ಅವೇ ಮುಖ್ಯ ಆಧಾರ. ಅವುಗಳಲ್ಲೊಂದನ್ನು ತಿದ್ದಿದವನು ಐರ್ಲೆಂಡಿನ ವಿದ್ವಾಂಸ ಡುಂಗಾಲನೆಂದು ಲಿಪಿತಜ್ಞ ಬೆರ್ನ್‌ಹಾರ್ಡ್ ಬಿಷೋಫ್ ಗುರುತಿಸಿದ್ದಾರೆ. ತಾನೊಪ್ಪದ ಸಿದ್ಧಾಂತದ ಗ್ರಂಥದಲ್ಲಿಯೂ ಬಿಟ್ಟುಹೋದ ಪಂಕ್ತಿಗಳನ್ನು ಅವನು ತುಂಬಿಸಿದನು. ಸ್ವಮತದ ಶುದ್ಧಿಗಾಗಿ ಹುಟ್ಟಿದ ಪಾಠನಿಷ್ಠೆಯು ಪರಮತದ ಕೃತಿಗೂ ರಕ್ಷೆಯಾಯಿತು.