ಹೊರ್ವಾತ್: ಒಂದು ಮನೆತನದ ಹೆಸರಿನ ಸಾಕ್ಷ್ಯ

ಹಂಗೇರಿಯಲ್ಲಿ ಬಹಳವಾಗಿ ಹರಡಿರುವ ಮನೆತನದ ಹೆಸರುಗಳಲ್ಲಿ ‘ಹೊರ್ವಾತ್’ ಎಂಬುದೊಂದು. ಮಾಗ್ಯಾರ್ ಭಾಷೆಯಲ್ಲಿ ಈ ಶಬ್ದಕ್ಕೆ ಕ್ರೊಯೇಷಿಯದವನೆಂದು ಅರ್ಥ. ಆ ಜನರು ತಮ್ಮನ್ನು ಕರೆದುಕೊಳ್ಳುವ ‘ಹ್ರ್ವಾತ್’ ಎಂಬುದೇ ಇದರ ಮೂಲ. ಮನೆತನದ ಹೆಸರನ್ನು ಬರೆಯುವಾಗ ರೋಮನ್ ಲಿಪಿಯಲ್ಲಿ ಕೊನೆಗೆ ಸೇರುವ ಹಕಾರವು ಹಳೆಯ ಬರಹದ ಶೇಷವೇ ಹೊರತು ಉಚ್ಚಾರಣೆಯಲ್ಲಿಲ್ಲ.

1102 ರಿಂದ 1918 ರ ವರೆಗೆ ಎರಡು ನಾಡುಗಳೂ ಬಹುಮಟ್ಟಿಗೆ ಒಂದೇ ಕಿರೀಟಕ್ಕೆ ಒಳಪಟ್ಟಿದ್ದುವು. 16ನೆಯ ಶತಮಾನದಲ್ಲಿ ತುರ್ಕರ ದಾಳಿಗೆ ಸಿಲುಕಿದ ಕ್ರೊಯೇಷಿಯದ ಜನರು ಅನೇಕರು ಪಶ್ಚಿಮ ಹಂಗೇರಿಗೆ ವಲಸೆಹೋದರು. ಇಂತಹ ಹೆಸರು ಸ್ವಜನರ ನಡುವೆ ಹುಟ್ಟುವುದು ಅಪೂರ್ವ. ಎಲ್ಲರೂ ಒಂದೇ ಜನಾಂಗದವರಾದ ಊರಿನಲ್ಲಿ ಅದರಿಂದ ಒಬ್ಬನನ್ನು ಗುರುತಿಸುವುದೆಂತು? ಅನ್ಯರ ನಡುವೆ ಬಂದು ನೆಲಸಿದವನಿಗೆ ನೆರೆಯವರು ಇಟ್ಟ ಗುರುತು ಅದು. ಒಮ್ಮೆ ವಂಶಕ್ಕೆ ಅಂಟಿದ ಬಳಿಕ, ಮನೆಯ ಮಾತು ಬದಲಾದರೂ ಹೆಸರು ಉಳಿಯಿತು.

ಈ ಹೆಸರಿನ ಇಬ್ಬರನ್ನು ನೋಡಬಹುದು. ಮಿಹಾಯ್ ಹೊರ್ವಾತ್ (1809–1878) ಬಿಷಪ್ಪನೂ ಇತಿಹಾಸಕಾರನೂ ಆಗಿದ್ದನು. 1849 ರಲ್ಲಿ, ಹಂಗೇರಿಯ ಸ್ವಾತಂತ್ರ್ಯಸಮರದ ಕಾಲದಲ್ಲಿ, ವಿದ್ಯಾಮಂತ್ರಿಯಾಗಿ, ಸೋಲಿನ ತರುವಾಯ ದೇಶಭ್ರಷ್ಟನಾದನು. ಹಂಗೇರಿಯ ಚರಿತ್ರೆಯನ್ನು ಮಾಗ್ಯಾರ್ ಭಾಷೆಯಲ್ಲಿಯೇ ಬರೆದನು. ನಾಟಕಕಾರನಾದ ಓಡೋನ್ ಹೊರ್ವಾತ್ (1901–1938) ಫಿಯೂಮೆಯ ಮಗ್ಗುಲಲ್ಲಿ ಹುಟ್ಟಿ, ಹಂಗೇರಿಯ ಪ್ರಜೆಯಾಗಿದ್ದು, ಜರ್ಮನ್ ಭಾಷೆಯಲ್ಲಿ ಬರೆದು, ಪ್ಯಾರಿಸಿನಲ್ಲಿ ಮಡಿದನು.

ಹೆಸರು ಒಂದೇ; ಒಬ್ಬನ ಬರಹದ ಭಾಷೆ ಮಾಗ್ಯಾರ್, ಇನ್ನೊಬ್ಬನದು ಜರ್ಮನ್; ಹೆಸರು ಸೂಚಿಸುವ ಭಾಷೆಯಾದರೋ ಮೂರನೆಯದು. ಆದಕಾರಣ ಇಂತಹ ಹೆಸರು, ಹಿಂದೊಮ್ಮೆ ನೆರೆಯವರು ಪೂರ್ವಿಕನನ್ನು ಏನೆಂದು ಕಂಡರೆಂಬುದಕ್ಕೆ ಸಾಕ್ಷಿಯೇ ಹೊರತು, ವಂಶಜನು ಯಾರೆಂಬುದಕ್ಕಲ್ಲ. ಹೆಸರುಗಳನ್ನೆಣಿಸಿ ಜನಾಂಗಗಳನ್ನು ನಿರ್ಣಯಿಸುವುದು ಚರಿತ್ರೆಗೆ ಸಲ್ಲದು.